ಗಟ್ಟಿ ಫ್ಯೂಸ್ ಹಾಕ್ಯಾರಂತ!

ಇವತ್ತು ಮಧ್ಯಾಹ್ನ ಕಲಬುರಗಿ ಹುಮನಾಬಾದ್ ಬೇಸ್ ಹತ್ರ ಒಂದು ಪಿಕಪ್ ಬಾನೆಟ್ ತಗದು ನಿಂತಿತ್ತು. ಫ್ಯೂಸ್ ಬಾಕ್ಸಿನಾಗ ಹೆಡ್‌ಲೈಟಿನ ಮನ್ಯಾಗ (ಅಂದ್ರ ಫ್ಯೂಸ್ ಕೂಡೋ ಜಾಗದಾಗ) 15 ಆಂಪಿನ ನೀಲಿ ಫ್ಯೂಸ್ ಇರಬೇಕು, 30ರ ಹಸಿರು ಕೂತದ. ಮಗ್ಗಲ ಮನ್ಯಾಗ ಫ್ಯೂಸೇ ಇಲ್ಲ, ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳಿ ಮಡಚಿ ತುರುಕ್ಯಾರ. ಕೆಳಗ ವೈರಿನ ಕಟ್ಟು ಕರಗಿ ಒಂದಕ್ಕೊಂದು ಅಂಟಿ ಕರೀ ಮುದ್ದಿ ಆಗ್ಯದ. ಡ್ರೈವರ್ ಅಣ್ಣ ಅಂತಾನ, "ಪದೇ ಪದೇ ಹಾರ್ತಿತ್ರಿ, ಮಿಸ್ತ್ರಿ ಗಟ್ಟಿಯಂದು ಹಾಕಿಕೊಟ್ಟಾನ."

ಗಟ್ಟಿಯಂದು! ಫ್ಯೂಸ್ ಗಟ್ಟಿ ಇರಬಾರದ್ರೀ. ಅದು ಇರೋದೇ ಸಾಯಲಿಕ್ಕೆ. ಬಲ್ಬ್ ಉಳಿಸಲಿಕ್ಕೆ ಅಲ್ಲ, ವೈರ್ ಉಳಿಸಲಿಕ್ಕೆ. ಫ್ಯೂಸ್ ಹಾರಲಿಲ್ಲ ಅಂದ್ರ ವೈರೇ ಫ್ಯೂಸ್ ಆಗ್ತದ. ಕರೆಂಟ್ ಎರಡು ಪಟ್ಟು ಆದ್ರ ವೈರಿನ ಕಾವು ನಾಕು ಪಟ್ಟು. 15ರ ಜಾಗದಾಗ 30 ಹಾಕಿದವ್ರಿಗೆ ಈ ಲೆಕ್ಕ ಯಾರ್ ಹೇಳಬೇಕು? ಕಾದ ವೈರ್ ತಾನೊಂದೇ ಕರಗಂಗಿಲ್ಲ, ಕಟ್ಟಿನಾಗ ಮಗ್ಗಲಿರೋದರ ಪ್ಲಾಸ್ಟಿಕ್ಕೂ ಕರಗಸ್ತದ. ಆಮ್ಯಾಲ ಇಂಡಿಕೇಟರ್ ಹಾಕಿದ್ರ ಹಾರ್ನ್ ಹೊಡಿತದ. ಡ್ಯಾಶ್‌ಬೋರ್ಡ್ ಬಿಚ್ಚಿ ಪುರಾ ವೈರಿಂಗ್ ಬದಲಿ ಮಾಡೂತನಕ ಗಾಡಿ ಶೆಡ್ಡಿನಾಗ. ಉಳಿಸಿದ್ದು ಎಷ್ಟು? ಒಂದು ಫ್ಯೂಸಿನ ರೊಕ್ಕ.

ಯಾಕ ಹಾರ್ತಿತ್ತು ಅಂತ ಒಬ್ಬರೂ ಕೇಳಂಗಿಲ್ಲ. 60 ವಾಟಿನ ಎರಡು ಬಲ್ಬ್ ಅಂದ್ರ 12 ವೋಲ್ಟಿಗೆ 10 ಆಂಪ್, 15ರ ಫ್ಯೂಸಿಗೆ ಆರಾಮ. "ಬೆಳಕ ಸಾಲಂಗಿಲ್ಲ" ಅಂತ 100 ವಾಟಿನವು ಹಾಕಿದ್ರ ಸುಮಾರು 17 ಆಂಪ್. ಫ್ಯೂಸಿನ ಅಂಕಿಯ ಮುಕ್ಕಾಲು ಪಾಲಿಗಿಂತ ಹೆಚ್ಚಿಗಿ ಲೋಡ್ ಕಾಯಂ ಇಡಬಾರದು. ಅದರಾಗ ನಮ್ಮ ಮೇ ತಿಂಗಳ ಬಿಸಲು, ಬಾನೆಟ್ ಒಳಗ ಎಂಜಿನ್ ಕಾವು ಬ್ಯಾರೆ! ಸ್ವಲ್ಪ ದೂರ ಓಡಿದಮ್ಯಾಲ ಹಾರಿತು ಅಂದ್ರ ಲೋಡ್ ಹೆಚ್ಚು. ಹಾಕಿದ ಕೂಡಲೇ ಟಕ್ ಅಂತ ಹಾರಿತು ಅಂದ್ರ ವೈರ್ ಎಲ್ಲೋ ಗಾಡಿಯ ತಗಡಿಗೆ ತಾಕ್ಯದ.

ತಾಕಿದ್ದು ಹುಡಕಲಿಕ್ಕೆ ಹತ್ತು ಫ್ಯೂಸ್ ಸುಡೂದು ಬ್ಯಾಡ. ಹಾರಿದ ಫ್ಯೂಸ್ ತಗದು ಅದರ ಎರಡು ಕಾಲಿನ ಜಾಗಕ್ಕ 12 ವೋಲ್ಟಿನ 21 ವಾಟ್ ಬಲ್ಬ್ ಹಚ್ಚರಿ. ಆ ಲೈನಿನ ಹೆಡ್‌ಲೈಟ್ ಕನೆಕ್ಟರ್ ಎಲ್ಲಾ ಕಿತ್ತು ಸ್ವಿಚ್ ಹಾಕ್ರಿ. ಬಲ್ಬ್ ಪೂರ್ತಿ ಉರಿದ್ರ ಶಾರ್ಟ್ ಅದ. ಎರಡು ಆಂಪ್ ಒಳಗೇ ಹರೀತದ, ವೈರಿಗೆ ಏನೂ ಆಗಂಗಿಲ್ಲ. ಈಗ ವೈರ್ ಅಲಗಾಡಸ್ಕೋತ ಹೋಗ್ರಿ: ಹೆಡ್‌ಲೈಟ್ ಹಿಂದಿನ ತಗಡಿನ ಅಂಚು, ಬಾಗಲ ಹಿಂಜಿನ ರಬ್ಬರ್, ಸ್ಟೇರಿಂಗ್ ಕೆಳಗ, ಇಲಿ ಕಡದಿರೋ ಜಾಗ. ಟ್ರ್ಯಾಕ್ಟರ್ ಇದ್ರ ಟ್ರಾಲಿಗೆ ಹೋಗೋ ವೈರ್ ಮೊದಲ ನೋಡ್ರಿ, ನೆಲಕ್ಕ ಉಜ್ಜಿ ಉಜ್ಜಿ ಬರೇ ತಾಮ್ರ ಉಳದಿರ್ತದ. ಮುಟ್ಟಿದಲ್ಲಿ ಬಲ್ಬ್ ಮಿಣುಕಿತು ಅಂದ್ರ ಸಿಕ್ಕಿತು.

ಇನ್ನ ಕೆಲವರು ಅಂಕಿ ಸರೀನೇ ಹಾಕಿರ್ತಾರ, ಫ್ಯೂಸೇ ನಕಲಿ. ಇದು ಇನ್ನೂ ಕೆಟ್ಟ, ಯಾಕಂದ್ರ ನಂಬಿಕಿ ಇಟ್ಟಿರ್ತೀರಿ. ಒಳಗಿನ ಎಳಿ ದಪ್ಪ ಇರ್ತದ, ಮ್ಯಾಲಿನ ಪ್ಲಾಸ್ಟಿಕ್ ಕರಗಿ ಮನಿಗೆ ಅಂಟಿದ್ರೂ ಎಳಿ ಕಡಿಯಂಗಿಲ್ಲ. ಅಸಲಿ ಬ್ಲೇಡ್ ಫ್ಯೂಸ್ ಎರಡು ಪಟ್ಟು ಕರೆಂಟಿಗೆ 5 ಸೆಕೆಂಡ್ ಒಳಗ ಹಾರಬೇಕು. ಬೇಕಾದ್ರ ಗಾಡಿ ಹೊರಗ, ಕಲ್ಲಿನ ಮ್ಯಾಲ ನೋಡ್ರಿ: 12 ವೋಲ್ಟಿನ 60 ವಾಟ್ ಬಲ್ಬ್ ನಾಕು ಪ್ಯಾರಲಲ್ ಆಗಿ (ಒಂದರ ಹಿಂದ ಒಂದಲ್ಲ, ಒಂದರ ಮಗ್ಗಲ ಒಂದು) ಹಚ್ಚಿದ್ರ 20 ಆಂಪ್. ದಪ್ಪ ವೈರ್ ತಗೊಂಡು ನಡುವ 10ರ ಕೆಂಪು ಫ್ಯೂಸ್ ಇಡ್ರಿ. ಐದು ಎಣಸೂದ್ರಾಗ ಹಾರಲಿಲ್ಲಂದ್ರ ಬ್ಯಾಟರಿ ಕಿತ್ತು ಆ ಪಾಕೀಟ್ ಪೂರಾ ಒಗೀರಿ. ಅಂಗಡ್ಯಾಗ "ಅಣ್ಣಾ, ಹಾರದ ಫ್ಯೂಸ್ ಕೊಡ್ರಿ" ಅಂತ ಕೇಳೋ ಗಿರಾಕಿ ಇರೂತನಕ ಇಂಥವು ಬರ್ತಾನೇ ಇರ್ತಾವ ಬಿಡ್ರಿ.

ಹಾಂ, ಫ್ಯೂಸ್ ಅಸಲಿ ಇದ್ದೂ ಪ್ಲಾಸ್ಟಿಕ್ ಕರಗಿದ್ರ ಮನಿಯ ಕ್ಲಿಪ್ ಸಡಿಲ ಅಂತ ತಿಳೀರಿ. ಧೂಳು, ತುಕ್ಕು ಹಿಡದು ಅಲ್ಲೇ ಕಾಯ್ತದ. ಫ್ಯೂಸ್ ಬದಲಿಸಿ ಉಪಯೋಗಿಲ್ಲ, ಕ್ಲಿಪ್ಪೇ ಬದಲಿಸಬೇಕು.

ಈಗ ಕೆಳಗ ಕಮೆಂಟಿನಾಗ ಒಬ್ಬರು ಬಂದೇ ಬರ್ತಾರ: "ರಾತ್ರಿ ಚಿಂಚೋಳಿ ದಾರ್ಯಾಗ ಹಾರಿದ್ರ ಏನ್ ಮಾಡೂದ್ರಿ, ಮನಿ ಮುಟ್ಟಬ್ಯಾಡೇನು?" ಮುಟ್ಟರಿ. ಟೇಪಿಂದೋ, ಎಸಿದೋ ಅಷ್ಟೇ ಅಂಕಿದು, ಇಲ್ಲಾಂದ್ರ ಕಡಿಮಿದು ಕಿತ್ತು ಹಾಕ್ರಿ. ಭಾಳ ಗಾಡ್ಯಾಗ ಬಾಕ್ಸಿನ ಮುಚ್ಚಳದಾಗೇ ಎರಡು ಎಕ್ಸ್‌ಟ್ರಾ ಇರ್ತಾವ, ಯಾರೂ ತಗದು ನೋಡಂಗಿಲ್ಲ. ಆದ್ರ ಮನಿ ಮುಟ್ಟಲಿಕ್ಕೆ ಅಂತ ತುರುಕಿದ ಬೆಳ್ಳಿ ಹಾಳಿ ಮುಂದಿನ ದೀಪಾವಳಿತನಕ ಅಲ್ಲೇ ಕೂತಿರ್ತದ. ಸಿಟ್ಟು ಬರೂದು ಅದಕ್ಕ.

ಆ ಪಿಕಪ್ಪಿನಾಗ ಎರಡೂ 100 ವಾಟಿನ ಬಲ್ಬ್ ಇನ್ನೂ ಹಂಗೇ ಅವ. ಅಣ್ಣ ಕೇಳ್ದ, "ಹೊಸ ವೈರಿಂಗಿಗೆ 40ರ ಫ್ಯೂಸ್ ನಡೀತದೇನ್ರಿ?"