ತಲೆ ತಗ್ಗಿಸಿ ಕೂರುವ ಕಾರು

ಇಡ್ಲಿ ಹಿಟ್ಟು ಉಕ್ಕಿ ಪಾತ್ರೆಯ ಮುಚ್ಚಳವನ್ನೇ ಎತ್ತಿತ್ತು. ಇಡ್ಲಿ ತಟ್ಟೆ ಮಾತ್ರ ಎಲ್ಲೂ ಇಲ್ಲ. ಡಿಶ್‌ವಾಷರ್ ನೋಡಿದೆ, ಹಬ್ಬದ ಪಾತ್ರೆಗಳ ಡಬ್ಬ ನೋಡಿದೆ. ಕೊನೆಗೆ ಸಿಕ್ಕಿದ್ದು ಗ್ಯಾರೇಜಿನಲ್ಲಿ. ಒಂದೊಂದು ಗುಳಿಯಲ್ಲೂ ಹಿತ್ತಾಳೆಯ ಚೂರುಗಳು, ಘಮ್ಮೆನ್ನುವ ಪೆಟ್ರೋಲ್ ವಾಸನೆ.

"ಮುಟ್ಟಬೇಡ! ಯಾವ ಜೆಟ್ ಯಾವ ಕಾರ್ಬುರೇಟರದ್ದು ಅಂತ ಆಮೇಲೆ ಗೊತ್ತಾಗಲ್ಲ" ಅಂತ ನಮ್ಮವರು ಕಾರಿನ ಅಡಿಯಿಂದಲೇ ಕೂಗಿದರು. ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಸ್ಟ್ರಾಂಬರ್ಗ್ 97 ಅನ್ನೋ ಕಾರ್ಬುರೇಟರ್ ಮೂರು; ಅವುಗಳೊಳಗಿನ ಸಣ್ಣ ತೂತಿನ ಹಿತ್ತಾಳೆ ಚೂರುಗಳೇ ಈ ಜೆಟ್. ತಟ್ಟೆಯೂ ಮೂರು. ಸರಿಹೋಯಿತಂತೆ! ಇಡ್ಲಿಗೆಂದು ಕರೆದ ನೆಂಟರಿಗೆ ದಪ್ಪ ದೋಸೆ ಹುಯ್ದು ಕೊಟ್ಟೆ.

ಅಮೆರಿಕಕ್ಕೆ ಬಂದ ನಮ್ಮ ಜನ ಗ್ಯಾರೇಜಿನಲ್ಲಿ ಏನಿಡುತ್ತೇವೆ ಹೇಳಿ? ಸೋನಾ ಮಸೂರಿ ಮೂಟೆ, ಎರಡನೇ ಫ್ರಿಡ್ಜು, ಖಾಲಿ ಸೂಟ್‌ಕೇಸು, ಒಗ್ಗರಣೆ ವಾಸನೆ ಒಳಗೆ ಬರದಿರಲಿ ಅಂತ ಒಂದು ಒಲೆ. ರಿವರ್‌ಸೈಡಿನ ನಮ್ಮ ಮನೆಯಲ್ಲಿ ಇವೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿವೆ. ನಡುವೆ 1930ರ ಫೋರ್ಡ್ ಮಾಡೆಲ್ ಎ ಕೂಪ್. ನನ್ನ ಕಾರು ಹೊರಗೆ ಜಕರಂಡ ಮರದ ಕೆಳಗೆ, ಮೈತುಂಬ ಅಂಟು ಹೂವು ಮೆತ್ತಿಕೊಂಡು.

ಹಳೇ ಕಾರು ಇಟ್ಟುಕೊಳ್ಳೋದು ಬೇರೆ, ಇದು ಬೇರೆ. ಇದು ಹಾಟ್ ರಾಡ್ ಆಗಬೇಕು, ಅಂದರೆ ಹಳೇ ಕಾರನ್ನೇ ಬಿಚ್ಚಿ ಜೋರಾಗಿ ಓಡುವ ಹಾಗೆ ಮಾರ್ಪಡಿಸಿದ್ದು. ಹಿಂದೆ ಈ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಕಡಿಮೆ ದುಡ್ಡಿಗೆ ಸಿಗುವ ಹಳೇ ಫೋರ್ಡ್ ತರುತ್ತಿದ್ದರು. ಮಡ್‌ಗಾರ್ಡ್ ಕಿತ್ತು, ಬೇಡದ ಭಾರವನ್ನೆಲ್ಲ ಇಳಿಸಿ, ಮೊಹಾವಿ ಮರುಭೂಮಿಯ ಮ್ಯುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳ ಮೇಲೆ ಓಡಿಸುತ್ತಿದ್ದರು. ಆ ಓಟಗಳಿಗೊಂದು ಶಿಸ್ತು ಇರಲಿ ಅಂತ 1937ರಲ್ಲೇ ಒಂದು ಸಂಘವೂ ಆಯಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಹುಡುಗರಿಗಂತೂ ಇದೇ ಹುಚ್ಚು. ಅವರು ದುಡ್ಡಿಲ್ಲದೆ ಮಾಡಿದ್ದನ್ನು ನಮ್ಮವರು ದುಡ್ಡು ಸುರಿದು ಮಾಡುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.

ಅದರಲ್ಲೂ ಸಂಪ್ರದಾಯಸ್ಥ ಹಾಟ್ ರಾಡ್! ಮಡಿ ಅಂದರೆ ಮೂಗು ಮುರಿಯುವ ಮನುಷ್ಯ ಈ ಕಾರಿಗೆ ಮಡಿ ಮಾಡುವುದನ್ನು ನೋಡಬೇಕು. 1953ರ ಆಚೆಗಿನ ಪಾರ್ಟ್ ಒಳಗೆ ಬರುವಂತಿಲ್ಲ. ಫೋರ್ಡ್ 1932ರಲ್ಲಿ ತಂದ, ಈ ಕಾರಿಗೂ ಹಾಕಬೇಕಾದ ಫ್ಲಾಟ್‌ಹೆಡ್ ವಿ8 ಎಂಬ ಎಂಟು ಸಿಲಿಂಡರಿನ ಎಂಜಿನ್ನಿನ ತಯಾರಿ ಅಮೆರಿಕದಲ್ಲಿ ನಿಂತ ವರ್ಷವಂತೆ ಅದು. ಬಾಡಿಯಲ್ಲಿ ಒಂದು ಪ್ಲಸ್ ಸ್ಕ್ರೂ ಕಂಡರೂ ಮುಖ ಕಿವುಚಿಕೊಳ್ಳುತ್ತಾರೆ, ಮೈನಸ್ಸೇ ಬೇಕು. ಎ.ಸಿ. ಇಲ್ಲ. ಇಲ್ಲಿ ಬೇಸಿಗೆಯಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ ಅನ್ನೋದನ್ನ ನೆನಪಿಡಿ. ಫ್ಲಾಟ್‌ಹೆಡ್ಡಿನ ಬಿಸಿ ಹೊಗೆ ಎಂಜಿನ್ ಬ್ಲಾಕಿನೊಳಗೇ ಹಾದು ಹೊರಬರುವುದರಿಂದ ಅದೂ ಬೇಗ ಕಾಯುತ್ತದೆ. ಸೀಟ್ ಬೆಲ್ಟ್ ಆ ಕಾಲದಲ್ಲಿ ಇರಲಿಲ್ಲ ಅಂದರು. ಆ ಕಾಲದಲ್ಲಿ ನಾನೂ ಇರಲಿಲ್ಲ, ಹಾಗಾದ್ರೆ ನಾನು ಕೂರಲ್ಲ ಅಂದೆ. ಬೆಲ್ಟ್ ಬಂತು.

ಇಷ್ಟೆಲ್ಲ ಮಡಿ ಮಾಡಿದವರು ಒಂದು ಶನಿವಾರ ಲೋಹ ಕೊಯ್ಯುವ ಗ್ರೈಂಡರ್ ಹಿಡಿದು ಕಾರಿನ ತಲೆಯನ್ನೇ ಕೊಯ್ದರು. ಚಾಪ್ ಅಂತಾರೆ ಇದಕ್ಕೆ. ಕಿಟಕಿಗಳ ನಡುವಿನ ಕಂಬಗಳನ್ನು ಕತ್ತರಿಸಿ, 3 ಅಂಗುಲ ತೆಗೆದು, ಚಾವಣಿಯನ್ನು ಇಳಿಸಿ ಮತ್ತೆ ವೆಲ್ಡ್ ಮಾಡುವುದು. ಹಾಗೆ ಮಾಡಿದರೆ ಕಾರಿಗೆ ಗತ್ತು ಬರುತ್ತದಂತೆ. ಗತ್ತೇನೋ ಬಂತು. ಆರಡಿ ಎತ್ತರದ ನಮ್ಮವರು ಒಳಗೆ ಕೂತರೆ ಕತ್ತು ಸೊಟ್ಟ. ಸೀಟಿನ ಸ್ಪ್ರಿಂಗ್ ತೆಗೆದು ಕೆಳಗೆ ಕೂತರು. ಆಗ ಸ್ಟೀರಿಂಗ್ ಗದ್ದಕ್ಕೆ ಬಂತು, ಮೇಲೆ ತೂಗುವ ಟ್ರಾಫಿಕ್ ಸಿಗ್ನಲ್ ಕಾಣದಾಯಿತು.

ಇದಕ್ಕೂ ಆ ಕಾಲದ್ದೇ ಪರಿಹಾರ ಇದೆ ಅಂತ ಒಂದು ಪುಟ್ಟ ಗಾಜಿನ ಪಟ್ಟಕ ತರಿಸಿದರು. ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಮೇಲಿನ ಸಿಗ್ನಲ್ಲು ಅದರಲ್ಲಿ ಕಾಣುತ್ತದೆ. ನಿಜವಾಗಿ ಕಾಣುತ್ತಾ ಅಂತ ನೋಡಬೇಕಲ್ಲ? ನಾನು ಜೇಡರಬಲೆ ತೆಗೆಯುವ ಉದ್ದ ಕೋಲಿನ ತುದಿಗೆ ಹಿಟ್ಟಿನ ಡಬ್ಬದ ಕೆಂಪು ಮುಚ್ಚಳ ಕಟ್ಟಿಕೊಂಡು ಮನೆ ಮುಂದೆ ನಿಂತೆ. "ಇನ್ನೂ ಮೇಲೆ!" ಅಂದರು. ಎತ್ತಿದೆ. "ಸ್ವಲ್ಪ ಎಡಕ್ಕೆ!" ಹೋದೆ. "ಅಲ್ಲಾಡಿಸಬೇಡ, ಸಿಗ್ನಲ್ ಅಲ್ಲಾಡುತ್ತಾ ಎಲ್ಲಾದ್ರೂ?" ನೈಟಿ, ಮೇಲೊಂದು ಸ್ವೆಟರು, ಕೈಯಲ್ಲಿ ಕೋಲು, ಜಾತ್ರೆಯ ನಂದಿಕೋಲು ಹೊತ್ತವಳ ಹಾಗೆ ನಾನು. ನಾಯಿ ಹಿಡಿದು ವಾಕಿಂಗ್ ಹೊರಟಿದ್ದ ಎದುರು ಮನೆಯಾಕೆ ನಿಂತು, ಎಲ್ಲಾ ಸರಿ ಇದೆ ತಾನೆ ಅಂತ ಕೇಳಿದಳು. ನಾನು ಟ್ರಾಫಿಕ್ ಸಿಗ್ನಲ್ಲು ಅಂದೆ. ಆಕೆ ತಲೆಯಾಡಿಸಿ, ನಾಯಿಯನ್ನು ಎಳೆದುಕೊಂಡು ರಸ್ತೆಯ ಆ ಬದಿಗೆ ದಾಟಿದಳು. ಅಷ್ಟು ಹೊತ್ತಿಗೆ ಒಳಗಿಂದ "ಹಸಿರು ಡಬ್ಬದ ಮುಚ್ಚಳ ಇದ್ಯಾ?" ಅಂತ ಕೇಳಿಸಿತು. ಕೋಲು ಅಲ್ಲೇ ಬಿಸಾಡಿ ಒಳಗೆ ಹೋದೆ.

ಹೋದ ವರ್ಷ ಹಾಸನದಿಂದ ಅತ್ತೆ ಬಂದಿದ್ದರು. "ಚೆನ್ನಾಗಿದ್ದ ಸೂರನ್ನ ಯಾಕೋ ಕೊಯ್ದೆ? ಮಳೆ ಬಂದ್ರೆ ಸೋರಲ್ವೇನೋ?" ಅಂತ ಮಗನನ್ನು ಕೇಳಿದರು. ಆದರೆ ಆಯುಧಪೂಜೆಗೆ ಅದಕ್ಕೂ ವಿಭೂತಿ, ಕುಂಕುಮ, ಹೂವು. ಎಂಜಿನ್ನೇ ಇಲ್ಲದ ಕಾರು, ನಿಂಬೆಹಣ್ಣಿನ ಮೇಲೆ ಹತ್ತಬೇಕಲ್ಲ? ಮನೆಮಂದಿಯೆಲ್ಲ ಸೇರಿ ತಳ್ಳಿದೆವು. ಆಮೇಲೆ ಅತ್ತೆ ಮೆಲ್ಲಗೆ ಒಳಗೆ ಹತ್ತಿ ಕೂತರು. ಐದಡಿಗೂ ಕಡಿಮೆ ಅವರು. ಆ ಕಾರಿನಲ್ಲಿ ನೆಟ್ಟಗೆ ಕೂರಬಲ್ಲವರು ನಮ್ಮನೆಯಲ್ಲಿ ಅವರೊಬ್ಬರೇ. ಮಧ್ಯಾಹ್ನ ನಾವೆಲ್ಲ ಕೆಲಸದಲ್ಲಿದ್ದಾಗ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿಸಿ, ಅಲ್ಲೇ ಕೂತು ಜಪ ಮಾಡುತ್ತಿದ್ದರು. ಒಂದು ದಿನ ಪಕ್ಕದ ಸೀಟಲ್ಲಿ ನನ್ನನ್ನೂ ಕೂರಿಸಿಕೊಂಡು, "ನಿಮ್ಮ ಮಾವನಿಗೆ ಕಾರು ಅಂದ್ರೆ ಭಾಳ ಆಸೆ ಕಣಮ್ಮ. ಸ್ಕೂಟರಿಗೇ ಮುಗಿದೋಯ್ತು" ಅಂದರು. ನಾನು ಏನೂ ಹೇಳಲಿಲ್ಲ.

ಈ ವರ್ಷ ಅವರು ಬರುವುದಿಲ್ಲ. ಅಷ್ಟು ಹೊತ್ತು ವಿಮಾನದಲ್ಲಿ ಕೂರಲು ಮಂಡಿ ಬಿಡಲ್ಲವಂತೆ. ಫೋನ್ ಮಾಡಿದಾಗಲೆಲ್ಲ ಮೊದಲು ಕೇಳೋದು, "ಕಾರು ಓಡ್ತೇನೋ?" ಇವರ ಉತ್ತರವೂ ಬದಲಾಗಿಲ್ಲ. "ಇದೊಂದು ಪಾರ್ಟ್ ಸಿಕ್ಕಿಬಿಟ್ರೆ ಓಡುತ್ತಮ್ಮ."

ಈಗಿನ "ಇದೊಂದು ಪಾರ್ಟ್" ಅಂದರೆ ಮುಂದಿನ ಆಕ್ಸಲ್. ಕಾರಿನ ಮೂತಿ ನೆಲಕ್ಕೆ ಇಳಿಯುವ ಹಾಗೆ ಬಗ್ಗಿಸಿದ್ದೇ ಆಗಬೇಕು. ಭಾನುವಾರ ಪೊಮೋನಾದಲ್ಲಿ ಹಳೇ ಪಾರ್ಟುಗಳ ಸಂತೆ. ಒಳ್ಳೆಯದೆಲ್ಲ ಬೆಳಕು ಹರಿಯುವ ಮೊದಲೇ ಮಾರಿಹೋಗುತ್ತದಂತೆ. ಅದಕ್ಕೇ ಬೆಳಗಿನ ಜಾವ ಟಾರ್ಚ್ ಹಿಡಿದು ಹೊರಡಬೇಕು. ನಾನೂ ಬರಲೇಬೇಕಂತೆ. ಆಕ್ಸಲ್ ಎತ್ತಲು ಇಬ್ಬರು ಬೇಕು, ಮತ್ತೆ ನನ್ನ ಕಾರಿನ ಡಿಕ್ಕಿ ದೊಡ್ಡದು.