ಹುಳಿ ಬಡಿದ ಬೆಳ್ಳುಳ್ಳಿ ಖಾರ

ಕಳೆದ ತಿಂಗಳು ಊರಿನಿಂದ ಕಾಕಾ ಬಂದಿದ್ದರು. ಗದಗ ಜಿಲ್ಲೆಯ ನಮ್ಮ ಹಳ್ಳಿ ಬಿಟ್ಟು ಹೆಚ್ಚು ದಿನ ಎಲ್ಲಿಯೂ ನಿಲ್ಲದ, ಎಪ್ಪತ್ತು ದಾಟಿದರೂ ಎರಡು ಹೊತ್ತು ಜೋಳದ ರೊಟ್ಟಿಯನ್ನೇ ಉಣ್ಣುವ ಅವರಿಗೆಂದು, ಬೆಂಗಳೂರಿನ ನಮ್ಮ ಬಡಾವಣೆಯ ಅಂಗಡಿಯಿಂದ ಖಡಕ್ ರೊಟ್ಟಿ ತಂದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಜೊತೆಗೆ ಬೆಳ್ಳುಳ್ಳಿ ಖಾರವನ್ನೂ ನಾನೇ ತಯಾರಿಸಿದೆ. ಅಂದು ಮನೆಯಲ್ಲಿ ಬೆಳ್ಳುಳ್ಳಿ ಗಡ್ಡೆ ಮುಗಿದಿತ್ತು, ಆದರೆ ಫ್ರಿಜ್ಜಿನ ಬಾಗಿಲಲ್ಲಿ ಅಂಗಡಿಯ ಬೆಳ್ಳುಳ್ಳಿ ಪೇಸ್ಟಿನ ಬಾಟಲಿ ಇತ್ತು. ಯಾವ ರೂಪದಲ್ಲಿದ್ದರೂ ಬೆಳ್ಳುಳ್ಳಿ ಬೆಳ್ಳುಳ್ಳಿಯೇ ತಾನೆ ಎಂದುಕೊಂಡು, ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಜೀರಿಗೆ, ಉಪ್ಪಿನ ಜೊತೆ ಎರಡು ಚಮಚ ಪೇಸ್ಟ್ ಕಲಸಿ, ಮೇಲೆ ಶೇಂಗಾ ಎಣ್ಣೆ ಬಿಟ್ಟು ತಟ್ಟೆಗೆ ಹಾಕಿದೆ. ರೊಟ್ಟಿಯ ಚೂರಿಗೆ ಹಚ್ಚಿ ಬಾಯಿಗಿಟ್ಟುಕೊಂಡ ಕಾಕಾ, "ಇದಕ್ಕ ಲಿಂಬಿಹಣ್ಣು ಹಿಂಡಿಯೇನೋ ತಮ್ಮಾ?" ಎಂದು ಕೇಳಿದರು. ಇಲ್ಲವೆಂದೆ. "ಮತ್ತ ಹುಳಿ ಯಾಕ ಬಡೀತೈತಿ?" ಎಂದವರು ಉತ್ತರಕ್ಕೂ ಕಾಯದೆ ಎಣ್ಣೆಗಾಯಿಯ ಕಡೆ ತಿರುಗಿದರು. ಊಟ ಮುಗಿಯುವವರೆಗೆ ಆ ಖಾರವನ್ನು ಮತ್ತೆ ಮುಟ್ಟಲಿಲ್ಲ.

ಅಂದು ರಾತ್ರಿ ಕನ್ನಡಕ ಹಾಕಿಕೊಂಡು ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದೆ. ಬೆಳ್ಳುಳ್ಳಿ, ನೀರು, ಉಪ್ಪು, ಆಮ್ಲೀಯತೆ ನಿಯಂತ್ರಕಗಳು 260 ಮತ್ತು 330, ಗಟ್ಟಿಕಾರಕ 415, ಸಂರಕ್ಷಕ 211. ಇವುಗಳಲ್ಲಿ 260 ಎಂದರೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ, 330 ಎಂದರೆ ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ. 415 ಕ್ಸಾಂಥನ್ ಗಮ್, 211 ಸೋಡಿಯಂ ಬೆಂಜೋಯೇಟ್. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು, ಕಡಿಮೆಯಿರುವುದನ್ನು ಕೊನೆಗೆ ಬರೆಯಬೇಕೆಂಬುದು ನಮ್ಮ ದೇಶದ ಆಹಾರ ಲೇಬಲ್ಲಿನ ನಿಯಮವಾದ್ದರಿಂದ, ಎರಡನೆಯ ಸ್ಥಾನದಲ್ಲಿ ನೀರು ಕುಳಿತಿದ್ದುದನ್ನೂ ಗಮನಿಸಿದೆ. ನಿಂಬೆಹಣ್ಣು ಹಿಂಡಿದ್ದೀಯಾ ಎಂದು ಕಾಕಾ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಿಂಡಿದವನು ನಾನಲ್ಲ, ಅಷ್ಟೇ.

ಹುಳಿಯೊಂದೇ ಆಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಆ ಖಾರದಲ್ಲಿ ಮೂಗಿಗೇರುವ ಘಾಟು ಕೂಡ ಇರಲಿಲ್ಲ, ಮತ್ತು ಅದರ ಕಾರಣ ಬೆಳ್ಳುಳ್ಳಿಯ ಸ್ವಭಾವದಲ್ಲಿಯೇ ಇದೆ. ಸುಲಿದ ಎಸಳೊಂದನ್ನು ಗಾಯವಾಗದಂತೆ ಹಿಡಿದು ಮೂಸಿ ನೋಡಿದರೆ ವಾಸನೆ ಬಹಳ ಕಡಿಮೆ. ಘಾಟು ಎಸಳಿನೊಳಗೆ ಸಿದ್ಧವಾಗಿ ಕುಳಿತಿರುವುದಿಲ್ಲ. ಆಲಿಯಿನ್ ಎಂಬ ಗಂಧಕದ ಸಂಯುಕ್ತ ಒಂದು ಕಡೆ, ಆಲಿಯಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಜೀವಕೋಶದ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಜಜ್ಜಿದಾಗ ನಡುವಿನ ಗೋಡೆಗಳು ಒಡೆದು ಎರಡೂ ಕೂಡುತ್ತವೆ, ಮತ್ತು ಕ್ಷಣಗಳಲ್ಲಿ ಆಲಿಸಿನ್ ಹುಟ್ಟುತ್ತದೆ. 1944ರಲ್ಲಿ ಅಮೆರಿಕದ ಕ್ಯಾವಲಿಟೋ ಮತ್ತು ಬೇಯ್ಲಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದ್ದು ಇದನ್ನೇ. ಚಾಕುವಿನಿಂದ ಹೆಚ್ಚಿದ ಬೆಳ್ಳುಳ್ಳಿಗಿಂತ ಒಳಕಲ್ಲಿನಲ್ಲಿ ಅರೆದ ಬೆಳ್ಳುಳ್ಳಿ ಯಾಕೆ ಹೆಚ್ಚು ಉರಿಯುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಒಡೆದ ಕೋಶಗಳು ಹೆಚ್ಚಿದಷ್ಟೂ ಘಾಟು ಹೆಚ್ಚು. ಇಡೀ ಎಸಳನ್ನು ಕೆಂಡದಲ್ಲಿ ಸುಟ್ಟರೆ ಅಥವಾ ಬಾಣಂತಿಗೆ ಕೊಡುವಂತೆ ತುಪ್ಪದಲ್ಲಿ ಹುರಿದರೆ ಅದು ಸಿಹಿಯಾಗುತ್ತದೆ, ಏಕೆಂದರೆ ಕೆಲಸ ಶುರುಮಾಡುವ ಮೊದಲೇ ಕಿಣ್ವ ಬಿಸಿಗೆ ಸತ್ತಿರುತ್ತದೆ.

ಈ ಆಲಿಸಿನ್ ಹೆಚ್ಚು ಕಾಲ ಉಳಿಯುವ ಪದಾರ್ಥವಲ್ಲ. ದಿನ ಕಳೆದಂತೆ ಒಡೆದು ಬೇರೆ ಗಂಧಕದ ಸಂಯುಕ್ತಗಳಾಗುತ್ತದೆ. ಬೆಳ್ಳುಳ್ಳಿಯ ವಾಸನೆ ಇರುತ್ತದೆ, ಆದರೆ ನಾಲಿಗೆಯ ತುದಿಯನ್ನು ಚುಚ್ಚುವ ಗುಣ ಹೋಗಿರುತ್ತದೆ. ಬಾಟಲಿಯೊಳಗೆ ಹೊಸದಾಗಿ ಘಾಟು ಹುಟ್ಟುವ ದಾರಿಯೂ ಇಲ್ಲ, ಏಕೆಂದರೆ ಬಿಸಿಯಂತೆಯೇ ಬಲವಾದ ಹುಳಿಯೂ ಆ ಕಿಣ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹಾಗಾಗಿ ಅಂಗಡಿಯ ಪೇಸ್ಟನ್ನು ಕಳಪೆ ಬೆಳ್ಳುಳ್ಳಿ ಎಂದು ಬೈಯುವುದಕ್ಕಿಂತ, ಅದು ಬೇರೆಯದೇ ಪದಾರ್ಥ ಎಂದು ತಿಳಿಯುವುದು ಸರಿ ಎಂಬುದು ನನ್ನ ಅಭಿಪ್ರಾಯ. ಮಾವಿನ ಮಿಡಿಗೂ ಉಪ್ಪಿನಕಾಯಿಗೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ. ಉಪ್ಪಿನಕಾಯಿ ತಾಜಾ ಆಗಿಲ್ಲವೆಂದು ಯಾರೂ ದೂರುವುದಿಲ್ಲವಲ್ಲ.

ಹಾಗೆ ನೋಡಿದರೆ ಪೇಸ್ಟ್ ಎಲ್ಲಿ ಸಲ್ಲುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಈರುಳ್ಳಿಯ ಜೊತೆ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ, ಮೇಲೆ ಟೊಮೆಟೊ ಅಥವಾ ಮೊಸರು ಹಾಕಿ ಕುದಿಸುವ ಕುರ್ಮಾ, ಬಿರಿಯಾನಿ, ಕೋಳಿ ಸಾರುಗಳಲ್ಲಿ ತಾಜಾ ಬೆಳ್ಳುಳ್ಳಿಯ ಘಾಟು ಹೇಗೂ ಉಳಿಯುವುದಿಲ್ಲ, ಮತ್ತು ಪೇಸ್ಟಿನ ಹುಳಿ ಟೊಮೆಟೊದ ಹುಳಿಯಲ್ಲಿ ಮುಚ್ಚಿಹೋಗುತ್ತದೆ. ಮನೆಯಲ್ಲಿ ಒಂದು ಭಾನುವಾರ ಎರಡು ಪಾತ್ರೆಗಳಲ್ಲಿ ಎರಡು ಬಗೆಯ ಕೋಳಿ ಸಾರು ಮಾಡಿ, ಯಾವುದು ಯಾವುದೆಂದು ಹೇಳದೆ ಬಡಿಸಿದೆ. ಹೆಂಡತಿ ಒಂದನ್ನು ಆರಿಸಿದಳು, ಮಗ ಇನ್ನೊಂದನ್ನು. ನನಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಪೇಸ್ಟಿನಲ್ಲಿ ಉಪ್ಪಿರುವುದನ್ನು ಮರೆತಿದ್ದರಿಂದ ಆ ಪಾತ್ರೆಯಲ್ಲಿ ಉಪ್ಪು ಮಾತ್ರ ಒಂದು ಕೈ ಮುಂದಿತ್ತು.

ಒಗ್ಗರಣೆಗೆ ಮಾತ್ರ ಅದನ್ನು ಬಳಸಬಾರದು. ನೀರಿನಂಶವಿರುವ ಪೇಸ್ಟ್ ಕಾದ ಎಣ್ಣೆಗೆ ಬಿದ್ದೊಡನೆ ಸಿಡಿದು, ತಳಕ್ಕೆ ಹತ್ತಿ, ಅಂಚು ಕೆಂಪಾಗುವ ಮೊದಲೇ ಸೀದುಹೋಗುತ್ತದೆ. ಕರಾವಳಿಯ ಮನೆಗಳಲ್ಲಿ ಸಿಪ್ಪೆಸಹಿತ ಜಜ್ಜಿದ ಎಸಳುಗಳನ್ನು ತೆಂಗಿನೆಣ್ಣೆಯಲ್ಲಿ ಕೆಂಪಾಗಿಸಿ ತೊವ್ವೆಗೆ ಸುರಿಯುವ ಪರಿಮಳವನ್ನು ಯಾವ ಬಾಟಲಿಯೂ ಕೊಡಲಾರದು. ಮಂಡ್ಯ ಕಡೆಯ ಉಪ್ಪುಸಾರಿನ ಖಾರಕ್ಕೂ ಇದೇ ಮಾತು.

ಇನ್ನು ಮುಟಗಿಯ ವಿಷಯ. ಇದನ್ನು ತಿಂದಿಲ್ಲದವರಿಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಹಂಚಿನಿಂದ ಇಳಿಸಿದ ಕೂಡಲೇ, ಕೈ ಸುಡುವಷ್ಟು ಬಿಸಿಯಿರುವ ದಪ್ಪ ಜೋಳದ ರೊಟ್ಟಿಯನ್ನು ಹರಿದು, ಮೊದಲೇ ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರದ ಪುಡಿ ಕುಟ್ಟಿಟ್ಟ ಒಳಕಲ್ಲಿಗೆ ಹಾಕಿ, ಎಲ್ಲವೂ ಒಂದಾಗುವಂತೆ ಮತ್ತೆ ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ, ನಡುವೆ ಹೆಬ್ಬೆರಳಿನಿಂದ ಗುಳಿ ಒತ್ತಿ ತುಪ್ಪ ಬಿಡುತ್ತಾರೆ. ರೊಟ್ಟಿಯ ಹಬೆಗೆ ಬೆಳ್ಳುಳ್ಳಿ ಅರೆಬರೆ ಮಾತ್ರ ಬೇಯುತ್ತದೆ. ಹೊರಗೆ ಮೆತ್ತಗಾದ ರುಚಿ, ಒಳಗೆ ಹಸಿ ಘಾಟು, ಎರಡೂ ಒಂದೇ ತುತ್ತಿನಲ್ಲಿ ಸಿಗುತ್ತವೆ. ಪೇಸ್ಟ್ ಹಾಕಿ ಮುಟಗಿ ಮಾಡಿದರೆ ಸಿಗುವುದು ಹುಳಿ ಬೆರೆತ ರೊಟ್ಟಿಯ ಮುದ್ದೆ.

ಇಷ್ಟೆಲ್ಲ ಬರೆಯುವಾಗ ನನ್ನನ್ನು ಚುಚ್ಚುವ ಸಂಗತಿಯೊಂದಿದೆ. ತಾಜಾ ಬೆಳ್ಳುಳ್ಳಿಯೇ ಶ್ರೇಷ್ಠ, ಪೇಸ್ಟ್ ಬಳಸುವವರು ಸೋಮಾರಿಗಳು ಎಂದು ಬರೆಯುವವರಲ್ಲಿ ಬಹಳ ಮಂದಿ ಗಂಡಸರು, ಮತ್ತು ಐದಾರು ವರ್ಷಗಳ ಹಿಂದಿನವರೆಗೆ ನಾನೂ ಅವರಲ್ಲೊಬ್ಬ. ನಮ್ಮ ಕಡೆಯ ಜವಾರಿ ಬೆಳ್ಳುಳ್ಳಿಯ ಎಸಳು ಕಡಲೆಕಾಳಿಗಿಂತ ತುಸು ದೊಡ್ಡದು, ಸಿಪ್ಪೆ ಚರ್ಮದಂತೆ ಅಂಟಿಕೊಂಡಿರುತ್ತದೆ. ಅವ್ವ ಮಧ್ಯಾಹ್ನ ಮೊರದ ಮುಂದೆ ಕುಳಿತು ಸುಲಿಯುತ್ತಿದ್ದಳು, ಅವಳ ಹೆಬ್ಬೆರಳಿನ ಉಗುರಿನ ಸಂದಿ ಸದಾ ಕೆಂಪಾಗಿರುತ್ತಿತ್ತು. ನನಗೆ ಆ ಖಾರದ ರುಚಿ ಗೊತ್ತಿತ್ತೇ ಹೊರತು ಅದರ ಹಿಂದಿನ ದುಡಿಮೆ ಗೊತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವ ಹೆಂಗಸೊಬ್ಬಳು ಅಂಗಡಿಯ ಮುಂದೆ ಮಾಲೆಯಂತೆ ತೂಗುವ ಪೊಟ್ಟಣವೊಂದನ್ನು ಹರಿದು ತಂದರೆ, ಅವಳಿಗೆ ಪಾಠ ಹೇಳುವ ಅಧಿಕಾರ ಬೆಳ್ಳುಳ್ಳಿ ಸುಲಿಯದವನಿಗೆ ಇಲ್ಲ. 2024ರಲ್ಲಿ ಬೆಳ್ಳುಳ್ಳಿಯ ದರ ಕಿಲೋಗೆ 400 ರೂಪಾಯಿ ಮುಟ್ಟಿದಾಗ ಎಸಳು ಎಣಿಸಿ ಅಡುಗೆ ಮಾಡಿದವಳೂ ಅವಳೇ.

ಈ ವಾದದಲ್ಲಿ ಯಾರೂ ಹೆಸರೆತ್ತದ ಮೂರನೆಯ ದಾರಿ, ಸುಲಿದು ಮಾರುವ ಎಸಳು. ಅದರ ಕೋಶಗಳು ಒಡೆದಿರುವುದಿಲ್ಲವಾದ್ದರಿಂದ ಜಜ್ಜಿದಾಗ ಘಾಟು ಹೊಸದಾಗಿಯೇ ಹುಟ್ಟುತ್ತದೆ. ಕೊಳ್ಳುವಾಗ ಕವರಿನೊಳಗೆ ನೀರಿನ ಹನಿ ಕಟ್ಟಿದೆಯೇ, ಎಸಳಿನ ಬುಡ ಕಂದಾಗಿದೆಯೇ, ಮುಟ್ಟಿದರೆ ಜಾರುತ್ತದೆಯೇ ಎಂದು ನೋಡಬೇಕು. ಜಾರಿದರೆ ಬೇಡ. ಮನೆಗೆ ತಂದ ಮೇಲೆ ಒಣಬಟ್ಟೆ ಹಾಸಿದ ಡಬ್ಬಿಯಲ್ಲಿ ಫ್ರಿಜ್ಜಿಗಿಟ್ಟು ವಾರದೊಳಗೆ ಮುಗಿಸುತ್ತೇವೆ. ಸುಲಿಯಲೇಬೇಕೆಂದರೆ ಊಟಿ ಬೆಳ್ಳುಳ್ಳಿ ಎಸಳು ದೊಡ್ಡದು, ಕೆಲಸ ಬೇಗ ಆಗುತ್ತದೆ. ಬೆಳ್ಳುಳ್ಳಿ ಪುಡಿ ಪಿಜ್ಜಾದ ಮೇಲೆ ಉದುರಿಸಿಕೊಳ್ಳುವವರಿಗಿರಲಿ.

ಮನೆಯಲ್ಲಿಯೇ ರುಬ್ಬಿ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲಿಡುವುದು ಅಪಾಯಕರ. ಮಣ್ಣಿನಿಂದ ಬರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಗಾಳಿಯಾಡದ, ಹುಳಿಯಿಲ್ಲದ ಜಾಗದಲ್ಲಿ ಬೆಳೆದು ನರಗಳನ್ನೇ ಸ್ತಬ್ಧಗೊಳಿಸುವ ವಿಷವನ್ನು ಉಂಟುಮಾಡಬಲ್ಲದು. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಫ್ರಿಜ್ಜಿನಲ್ಲಿಡದ ಎಣ್ಣೆ ಬೆಳ್ಳುಳ್ಳಿಯಿಂದಾಗಿ ಒಂದೇ ಹೋಟೆಲಿನಲ್ಲಿ ಉಂಡ 36 ಜನ ಹೀಗೆ ಕಾಯಿಲೆ ಬಿದ್ದರು. 1989ರಲ್ಲಿ ಅಮೆರಿಕದಲ್ಲಿಯೂ ಪ್ರಕರಣಗಳಾದ ಮೇಲೆ ಇಂತಹ ಬಾಟಲಿಗಳಿಗೆ ಹುಳಿ ಸೇರಿಸುವುದನ್ನು ಅಲ್ಲಿ ಕಡ್ಡಾಯಗೊಳಿಸಿದರು. ಕಾಕಾನ ನಾಲಿಗೆಗೆ ಒಗ್ಗದ ಆ 260, 330 ನಮ್ಮನ್ನು ಮೋಸಮಾಡಲು ಬಂದವಲ್ಲ ಎಂಬುದು ಇದನ್ನು ತಿಳಿದ ಮೇಲೆ ನನಗೆ ಮನವರಿಕೆಯಾಯಿತು. ಮನೆಯಲ್ಲಿ ರುಬ್ಬಿದ್ದನ್ನು ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ಬಳಸಿ, ಉಳಿಯುವಂತಿದ್ದರೆ ಫ್ರೀಜರಿಗೆ ಹಾಕಿ. ಹುಳಿ ತಾಗಿ ಕೆಲವೊಮ್ಮೆ ಬೆಳ್ಳುಳ್ಳಿ ಹಸಿರು ಅಥವಾ ನೀಲಿ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಕಿಲ್ಲ, ಅದು ಗಂಧಕದ ಸಂಯುಕ್ತಗಳ ಆಟ. ನಮ್ಮ ಅತ್ತೆಯವರು ಹೀಗೆ ಹಸಿರಾದ ಒಂದು ಡಬ್ಬಿ ಪೂರ್ತಿ ಗಿಡದ ಬುಡಕ್ಕೆ ಸುರಿದಿದ್ದರು.

ಹೋದ ವಾರ ಕಾಕಾ ಬಸ್ಸಿನಲ್ಲಿ ಒಂದು ಚೀಲ ಕಳಿಸಿದರು. ಎರಡು ಕಿಲೋ ಜವಾರಿ ಬೆಳ್ಳುಳ್ಳಿ, ಚೀಟಿ ಗೀಟಿ ಏನೂ ಇರಲಿಲ್ಲ. ಫೋನ್ ಮಾಡಿದಾಗ, "ಸುಲ್ಯಾಕ ಬೇಜಾರ ಮಾಡ್ಕೊಬ್ಯಾಡ" ಎಂದಷ್ಟೇ ಹೇಳಿದರು. ನಿನ್ನೆ ಸಂಜೆ ಎರಡು ಗಡ್ಡೆ ಸುಲಿಯಲು ನನಗೆ ಅರ್ಧ ಗಂಟೆ ಹಿಡಿಯಿತು, ಹೆಬ್ಬೆರಳು ಇವತ್ತೂ ಉರಿಯುತ್ತಿದೆ. ಪೇಸ್ಟಿನ ಬಾಟಲಿಯನ್ನು ಎಸೆದಿಲ್ಲ. ನಾಡಿದ್ದು ಭಾನುವಾರ ಕುರ್ಮಾ ಇದೆ.