ಹಾಲು ಕರೆಯೋರ ಹೆಸ್ರಿಗೇ ಬಟವಾಡೆ ಬರ್ಲಿ

ನಮ್ ಪಾಂಡವಪುರದ ಕಡೆ ಯಾವ ಊರಿನ ಡೇರಿ ಮುಂದೆ ಬೇಕಾದ್ರೂ ಬೆಳಗ್ಗೆ ಆರೂವರೆಗೆ ಹೋಗಿ ನೋಡಿ, ಕ್ಯಾನು ಹಿಡ್ಕೊಂಡು ಸಾಲಲ್ಲಿ ನಿಂತಿರೋರಲ್ಲಿ ಹೆಂಗಸ್ರೇ ಜಾಸ್ತಿ. ಪಾಸ್‌ಬುಕ್ ಇಸ್ಕೊಂಡು ನೋಡಿ, ಬಹಳ ಮನೆದರಲ್ಲಿ ಹೆಸ್ರು ಗಂಡಂದೋ ಮಾವಂದೋ ಇರುತ್ತೆ, ಬಟವಾಡೆ ಅಂದ್ರೆ ಹಾಲಿನ ದುಡ್ಡೂ ಅವ್ರ ಖಾತೆಗೇ ಹೋಗುತ್ತೆ. ಇದು ಬದಲಾಗ್ಲೇಬೇಕು, ಇನ್ನೊಬ್ರ ಮನೆ ಕಥೆ ಯಾಕೆ, ನಮ್ಮನೇದೇ ಹೇಳ್ತೀನಿ.

ನಮ್ಮತ್ತೆ ಏಳೋದು ನಾಲ್ಕೂವರೆಗೆ. ಮೊದ್ಲು ಒಲೆ ಹಚ್ಚಿ ಹಂಡೆಗೆ ನೀರು ಹಾಕಿ ಸೀದಾ ಕೊಟ್ಟಿಗೆಗೆ. ರಾತ್ರಿ ಸಗಣಿ ಗಂಜಲ ಎಲ್ಲ ಬಳಿದು ತಿಪ್ಪೆಗೆ ಹಾಕಿ, ನೆಲ ತೊಳೆದು, ಆಮೇಲೆ ಬಿಸ್ನೀರಲ್ಲಿ ಹಸು ಕೆಚ್ಚಲು ತೊಳೆದು ಒಣಬಟ್ಟೇಲಿ ಒರೆಸ್ತಾರೆ. ಹಂಗೆ ತೊಳೆದು ಒರೆಸಿದ್ ಮೇಲೆ ಹಸು ಹಾಲು ಇಳಿಸೋದು ಐದಾರು ನಿಮಿಷ ಅಷ್ಟೇ, ಅಷ್ಟರೊಳಗೆ ಕರೆದು ಮುಗಿಸ್ಬೇಕು, ಮಧ್ಯ ಯಾರಾದ್ರೂ ಕೂಗಿದ್ರೂ ಎದ್ದು ಹೋಗಂಗಿಲ್ಲ. ಕೊನೇ ಧಾರೆವರೆಗೂ ಕರೀಬೇಕು ಅಂತ ಅತ್ತೆ ನಂಗೆ ಎಷ್ಟ್ ಸಲ ಹೇಳವ್ರೆ, ಯಾಕಂದ್ರೆ ಫ್ಯಾಟು ಜಾಸ್ತಿ ಇರೋದೇ ಆ ಕೊನೇ ಹಾಲಲ್ಲಿ, ಮತ್ತೆ ಕೆಚ್ಚಲಲ್ಲಿ ಹಾಲು ಉಳುದ್ರೆ ಬಾವು ಬರೋ ಭಯ ಬೇರೆ. ಕರೆದಾದ ತಕ್ಷಣ ಹಸು ಮಲಗಕ್ಕೆ ಬಿಡಲ್ಲ, ಮುಂದೆ ಹಸಿಹುಲ್ಲು ಹಾಕ್ತಾರೆ. ಮೊಲೆ ತೂತು ಮುಚ್ಕೊಳಕ್ಕೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಸಗಣಿ ಮೇಲೆ ಮಲಗಿದ್ರೆ ರೋಗ ಒಳಗೆ ಹೋಗುತ್ತೆ. ಇದನ್ನ ಪಶುವೈದ್ಯರು ಕ್ಯಾಂಪಲ್ಲಿ ಹೇಳೋದನ್ನ ನಾನು ಕೇಳಿದೀನಿ, ಅತ್ತೆ ಅದಕ್ಕೂ ಎಷ್ಟೋ ವರ್ಷ ಮುಂಚಿಂದ ಮಾಡ್ಕೊಂಡೇ ಬಂದವ್ರೆ. ಇಷ್ಟು ಕೆಲ್ಸ ಗೊತ್ತಿರೋರನ್ನ ಕಾಗದದಲ್ಲಿ ಏನಂತ ಬರೀತಾರೆ ಗೊತ್ತಾ, ಗೃಹಿಣಿ.

ಈ ಕಡೆ ನಾನು ಅಡುಗೆ ಮನೇಲಿ. ಮಕ್ಳಿಗೆ ಡಬ್ಬಿ, ಮನೆಯವ್ರಿಗೆ ರಾಗಿರೊಟ್ಟಿ ಹುಚ್ಚೆಳ್ಳು ಚಟ್ನಿ, ಮಧ್ಯಾಹ್ನಕ್ಕೆ ಉಪ್ಸಾರಿಗೆ ಕಾಳು ಬೇಯಕ್ಕಿಡೋದು, ಬಾಗ್ಲಿಗೆ ನೀರು ಹಾಕಿ ರಂಗೋಲಿ, ಎಂಟು ಗಂಟೆ ಬಸ್ಸಿಗೆ ಮಕ್ಳನ್ನ ಹೊರಡಿಸೋದು. ಇದು ಎಲ್ರ ಮನೇಲೂ ಇರೋದೇ.

ಮಾವ ಸುಮ್ನೆ ಕೂತಿರ್ತಾರೆ ಅಂತ ಅಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಏಳು ಗಂಟೆ ಅಂತಾರೆ, ಅದು ಸುಮಾರು ಸಲ ರಾತ್ರಿನೇ ಬರೋದು, ಟಾರ್ಚು ಹಿಡ್ಕೊಂಡು ಕಬ್ಬಿನ ಗದ್ದೆಗೆ ನೀರು ತಿರುಗ್ಸಕ್ಕೆ ಹೋಗೋರು ಅವ್ರೇ. ನಾಲೆ ನೀರಿನ ಕಟ್ಟು, ಅಂದ್ರೆ ಸರದಿ, ಬಂದಾಗ್ಲಂತೂ ನಿದ್ದೆನೇ ಇಲ್ಲ. ಅವ್ರ ಕಷ್ಟಕ್ಕೆ ಕಬ್ಬಿನ ದುಡ್ಡು ಅವ್ರ ಹೆಸ್ರಿಗೇ ಬರುತ್ತೆ, ಬರ್ಲಿ, ನ್ಯಾಯವಾದ್ದು. ಹಂಗಾದ್ರೆ ಹಾಲಿನ ದುಡ್ಡು?

ಡೇರೀಲಿ ಫ್ಯಾಟು 3.5 ಬರ್ಬೇಕು, ಎಸ್‌ಎನ್‌ಎಫ್, ಅಂದ್ರೆ ಫ್ಯಾಟು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ, 8.5 ಬರ್ಬೇಕು. ಕಡಿಮೆ ಬಂದ್ರೆ ಸಾಲಲ್ಲಿ ಎಲ್ರ ಮುಂದೆ ಮಾತು ಕೇಳೋದು ಅತ್ತೆ, ಹಿಂಡಿ ಬೂಸಾ ಹೆಚ್ಚು ಕಮ್ಮಿ ಮಾಡಿ ಸರಿ ಮಾಡೋದೂ ಅತ್ತೆ, ಆದ್ರೆ ಬಟವಾಡೆ ಮಾವನ ಖಾತೆಗೆ. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡೋ ಪ್ರೋತ್ಸಾಹಧನನೂ ಅದೇ ಖಾತೆಗೆ. ಇನ್ನೂ ಒಂದು ಐತೆ, ಡೇರಿ ನಡೆಸೋ ಸಂಘದ ಎಲೆಕ್ಷನ್ನಲ್ಲಿ ವೋಟು ಇರೋದು ಸದಸ್ಯರಿಗೆ ಮಾತ್ರ. ಹಾಲಿನ ರೇಟು, ಹಿಂಡಿ ಸರಬರಾಜು, ಹಾಲು ಅಳೆಯೋ ಮಿಷಿನ್ನು, ಇದ್ರ ಬಗ್ಗೆ ಸಭೇಲಿ ಕೈ ಎತ್ತಿ ಮಾತಾಡೋ ಹಕ್ಕು ದಿನಾ ಕೆಚ್ಚಲು ಮುಟ್ಟೋರಿಗೇ ಇಲ್ದೆ ಹೋದ್ರೆ ಹೆಂಗೆ?

ಕೆಲವ್ರು ಕೇಳ್ತಾರೆ, ಹುಲ್ಲು ಬೆಳೆಯೋ ಜಮೀನು ಮಾವಂದು, ಹಸು ಸಾಲ ಮಾವನ ಹೆಸ್ರಲ್ಲಿ, ಮನೆಗೇ ತಾನೇ ಬರೋದು ದುಡ್ಡು ಅಂತ. ಮನೆಗೇ ಬರೋದಾದ್ರೆ ಯಾರ ಖಾತೆಗೆ ಬಂದ್ರೂ ತೊಂದ್ರೆ ಇಲ್ವಲ್ಲ, ಹೆಂಗಸ್ರ ಖಾತೆಗೇ ಬರ್ಲಿ. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಗೃಹಲಕ್ಷ್ಮಿ ಶುರು ಮಾಡುದ್ರಲ್ಲ, ಆಗಿಂದ ಅತ್ತೆ ಖಾತೆಗೆ 2000 ಬೀಳ್ತಾ ಐತೆ, ತಡ ಆದ್ರೂ ಬರುತ್ತೆ, ನಮ್ಮನೇಲಿ ಯಾರೂ ಅದನ್ನ ತಪ್ಪು ಅಂದಿಲ್ಲ. ಮೊದಲನೇ ಸಲ ಬಂದಾಗ ಮಾವನೇ ಬ್ಯಾಂಕಿಗೆ ಕರ್ಕೊಂಡು ಹೋಗಿದ್ರು. ಸರ್ಕಾರ ಕೊಟ್ಟಿದ್ದು ಅವರ ಹೆಸ್ರಿಗೆ ಬರಬಹುದು, ಅವ್ರೇ ದುಡಿದಿದ್ದು ಮಾತ್ರ ಬರಬಾರದಾ?

ಮಹಿಳಾ ಹಾಲು ಉತ್ಪಾದಕರ ಸಂಘಗಳು ನಮ್ ಜಿಲ್ಲೇಲೇ ಅವೆ, ಅಲ್ಲಿ ಲೆಕ್ಕ ಬರೆಯೋದ್ರಿಂದ ಹಿಡಿದು ಅಧ್ಯಕ್ಷರವರ್ಗೂ ಹೆಂಗಸ್ರೇ. ಎಲ್ಲಾ ಊರಲ್ಲೂ ಹೊಸ ಸಂಘ ಬೇಕು ಅಂತ ನಾನು ಹೇಳ್ತಿಲ್ಲ. ಇರೋ ಸಂಘದಲ್ಲೇ ಹಾಲು ಕರೆಯೋರನ್ನ ಸದಸ್ಯರು ಮಾಡ್ಕೊಳಿ, ಹೆಸರು ಬದಲಾಯ್ಸಿ ಅಂತ ಕೇಳ್ಕೊಂಡು ಬಂದ್ರೆ ಗಂಡಸ್ರು ಅಡ್ಡ ಬರ್ಬೇಡಿ.

ನಮ್ಮನೇಲಿ ಈ ಮಾತು ಎತ್ತಿದೀನಿ. ಮಾವ ಒಂದೆರಡು ದಿನ ಸಪ್ಪಗಿದ್ರು, ಆಮೇಲೆ ಅವ್ರೇ ಡೇರಿ ಸೆಕ್ರೆಟರಿ ಹತ್ರ ಏನೇನ್ ಕಾಗದ ಬೇಕು ಅಂತ ಕೇಳ್ಕೊಂಡು ಬಂದ್ರು. ಆಧಾರು, ಬ್ಯಾಂಕ್ ಪಾಸ್‌ಬುಕ್ಕು, ಫೋಟೋ, ಷೇರು ದುಡ್ಡು ರೆಡಿ ಮಾಡಿದೀವಿ. ನಿಮ್ ಹೆಸ್ರಿಗೆ ದುಡ್ಡು ಬಂದ್ರೆ ಮೊದ್ಲು ಏನ್ ತಗೋತೀರಿ ಅತ್ತೆ ಅಂದೆ. ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಕುಸ್ಬೇಕು ಕಣವ್ವ, ಕಲ್ಲು ಮೇಲೆ ಮಲಗಿ ಮಲಗಿ ಹಸು ಮಂಡಿ ಕಿತ್ತೋಗೈತೆ ಅಂದ್ರು. ಮಂಡ್ಯದಲ್ಲಿ ಒಳ್ಳೆ ದಪ್ಪ ಮ್ಯಾಟು ಎಲ್ಲಿ ಸಿಗುತ್ತೆ, ರೇಟು ಎಷ್ಟು ಅಂತ ಗೊತ್ತಿರೋರು ದಯವಿಟ್ಟು ಹೇಳಿ.